ಗದ್ದೆಯಲ್ಲಿ ತಗಡು ಬೆಳೆದಾಗ

2025ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಬಾಲಿ ದ್ವೀಪದ ಜಾತಿಲುವಿಹ್ ಹಳ್ಳಿಯ ಗದ್ದೆಗಳಲ್ಲಿ ತಗಡು ಬೆಳೆಯಿತು. ಬಾತುಕಾರು ಬೆಟ್ಟದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಯಾವ ಪ್ರವಾಸಿ ಕ್ಯಾಲೆಂಡರ್ ತೆರೆದರೂ ಕಣ್ಣಿಗೆ ಬೀಳುವ ಹಸಿರು ಗದ್ದೆಗಳವು. ಮಾಡಿಗೆ ಹೊದಿಸುವ ಜಿಂಕ್ ಶೀಟುಗಳನ್ನು ರೈತರು ಅಲ್ಲಿ ತಂದು ನಿಲ್ಲಿಸಿದರು, ಜೊತೆಗೆ ಪ್ಲಾಸ್ಟಿಕ್ ಹಾಳೆಗಳನ್ನೂ ಕಟ್ಟಿದರು. ಬಿಸಿಲು ಬಿದ್ದರೆ ಶೀಟು ಕಣ್ಣು ಕುಕ್ಕುತ್ತದೆ. ಸಮುದ್ರ ದಾಟಿ ಬಂದವನ ಮೊಬೈಲಿನಲ್ಲಿ ಸ್ವರ್ಗದ ನಟ್ಟನಡುವೆ ಒಂದು ಬಿಳಿ ಮಿಂಚು ಮಾತ್ರ ಉಳಿಯುತ್ತದೆ. ಹಕ್ಕಿ ಓಡಿಸಲು ಬೆದರುಬೊಂಬೆ ನಿಲ್ಲಿಸುವುದು ರೈತರಿಗೆಲ್ಲ ಗೊತ್ತು. ಪ್ರವಾಸಿಗರಿಗಾಗಿ ನಿಲ್ಲಿಸಿದವರು ಇವರೇ ಮೊದಲಿಗರು ಎಂದುಕೊಂಡಿದ್ದೆ. ವಿಚಾರಿಸಿದರೆ, ಅದೇ ದ್ವೀಪದ ಉಬುದ್ ಪಟ್ಟಣದ ಪಕ್ಕದ ತೆಗಲ್ಲಲಂಗ್ ರೈತರು ಬಹಳ ಹಿಂದೆಯೇ ಈ ಬೆಳೆ ತೆಗೆದಿದ್ದರಂತೆ.

ಆದದ್ದು ಇಷ್ಟು. ಪ್ರಾಂತ್ಯದ ಶಾಸನಸಭೆಯ ಸಮಿತಿಯೊಂದು ಬಂದು, ಸಂರಕ್ಷಿತ ಗದ್ದೆ ಬಯಲಿನಲ್ಲಿ ಎದ್ದಿದ್ದ 13 ಕಟ್ಟಡಗಳನ್ನು ಅಕ್ರಮ ಎಂದು ಮುಚ್ಚಿಸಿತು. ಹೆಚ್ಚಿನವು ಊಟ ತಿಂಡಿಯ ಜಾಗಗಳು, ಕೆಲವು ಅಲ್ಲಿನ ರೈತರವೇ. ಗದ್ದೆಯನ್ನು ಕಾಪಾಡಬೇಕು ಎನ್ನುವುದು ಸಮಿತಿಯ ವಾದ. ಅದರಲ್ಲಿ ತಪ್ಪೇನೂ ಇಲ್ಲ. ಎಷ್ಟು ಸರಿಯೆಂದರೆ, ಗದ್ದೆಯಲ್ಲಿ ಒಬ್ಬ ರೈತನೂ ಇದ್ದಾನೆ ಎಂಬುದು ಆ ಕ್ಷಣಕ್ಕೆ ಮರೆತುಹೋಗುವಷ್ಟು ಸರಿ. ರೈತನಿಗೆ ಕೋಪ ಬಂತು. ನೋಟ ನಿಮ್ಮದು, ಟಿಕೆಟಿನ ದುಡ್ಡು ಯಾರದೋ, ಕೆಸರು ಮಾತ್ರ ನನ್ನದೋ ಎಂದು ಕೇಳುವ ಬದಲು ತಗಡು ನೆಟ್ಟ.

ಈ ಗದ್ದೆಗಳು ಸಾಮಾನ್ಯದವಲ್ಲ. ಬಾಲಿಯಲ್ಲಿ ಸುಬಕ್ ಎಂಬ ನೀರಾವರಿ ಪದ್ಧತಿ ಒಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಮೇಲಿನ ಗದ್ದೆಯವನು ನೀರು ಹಿಡಿದಿಟ್ಟುಕೊಳ್ಳುವಂತಿಲ್ಲ, ಯಾರ ತೂಬು ಯಾವಾಗ ತೆರೆಯಬೇಕು ಎಂಬುದು ಊರೊಟ್ಟಿನ ತೀರ್ಮಾನ. ಅದಕ್ಕೊಬ್ಬ ಮುಖ್ಯಸ್ಥ, ಪೆಕಸೆಹ್. ನಮ್ಮ ನೀರಗಂಟಿಗಿಂತ ಒಂದು ಮೆಟ್ಟಿಲು ಮೇಲೆ, ಪೂಜಾರಿಗಿಂತ ಒಂದು ಮೆಟ್ಟಿಲು ಕೆಳಗೆ. ಕಾಲುವೆ ಕವಲೊಡೆಯುವಲ್ಲೆಲ್ಲ ಒಂದು ಗುಡಿ, ಭತ್ತಕ್ಕೆ ದೇವಿ ಶ್ರೀ. ಇದರ ಹಿಂದಿನ ತತ್ತ್ವವನ್ನು ಅವರು 'ತ್ರಿ ಹಿತ ಕರಣ' ಎನ್ನುತ್ತಾರೆ. ನಿಘಂಟು ತೆರೆಯದೆಯೇ ನಮಗೆ ಅರ್ಥವಾಗುವ ಮಾತು: ದೇವರು, ಮನುಷ್ಯ, ಪ್ರಕೃತಿ ಮೂರೂ ಹಿತವಾಗಿರಬೇಕು. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ವಿಭಾಗ ಜಾತಿಲುವಿಹ್‌ಗೆ ಅತ್ಯುತ್ತಮ ಪ್ರವಾಸಿ ಹಳ್ಳಿ ಎಂಬ ಬಿರುದನ್ನೂ ಕೊಟ್ಟಿತು. ಅಲ್ಲಿಗೆ ನಾಲ್ಕನೆಯ ಹಿತವೊಂದು ಸೇರಿಕೊಂಡಿತು. ಅದು ಕ್ಯಾಮೆರಾದ ಹಿತ.

ಬಿರುದು ಬಂದ ಗದ್ದೆಯ ಕಷ್ಟ ಬಿರುದು ಬಾರದವರಿಗೆ ಗೊತ್ತಾಗುವುದಿಲ್ಲ. ಅದು ಹಸಿರಾಗಿಯೇ ಇರಬೇಕು. ರೈತ ಬಗ್ಗಿಯೇ ಇರಬೇಕು, ತಲೆಯ ಮೇಲೆ ಬಿದಿರಿನ ಟೋಪಿ ಇರಬೇಕು. ಕುಯ್ಲು ಮುಗಿದು ಕೂಳೆ ಉಳಿದಾಗ ಬಂದ ಪ್ರವಾಸಿ 'ಫೋಟೋದಲ್ಲಿ ಹೀಗಿರಲಿಲ್ಲವಲ್ಲ' ಎಂದು ಮುಖ ಸಿಂಡರಿಸುತ್ತಾನೆ. ಕೆಂಪಕ್ಕಿಗೆ ಸಿಗುವ ದುಡ್ಡು ಅಷ್ಟಕ್ಕಷ್ಟೆ. ಅದೇ ಗದ್ದೆಯನ್ನು ನೋಡುತ್ತ ಕುಡಿಯುವ ಒಂದು ಲೋಟ ಎಳನೀರಿಗೆ ಕೇಳಿದಷ್ಟು ದುಡ್ಡು. ಹಾಗಾದರೆ ಬದುವಿನ ಮೇಲೊಂದು ಸೋಗೆಯ ಅಂಗಡಿ ಹಾಕೋಣ ಎಂದು ರೈತನ ಮಗನಿಗೆ ಅನ್ನಿಸದೆ ಇರುತ್ತದೆಯೇ? ಅನ್ನಿಸಿತು, ಹಾಕಿದ. ಸಮಿತಿ ಬಂತು. ತೆಗಲ್ಲಲಂಗ್‌ನಲ್ಲಂತೂ ಗದ್ದೆಯಿಂದ ಗದ್ದೆಗೆ ದಾಟುವಲ್ಲಿ ಬಿದಿರಿನ ಅಡ್ಡಗಟ್ಟೆ, ಪಕ್ಕದಲ್ಲೊಂದು ಕಾಣಿಕೆ ಡಬ್ಬಿ. ದೇಣಿಗೆ ನಿಮ್ಮ ಇಷ್ಟ, ದಾಟಲು ಬಿಡುವುದು ಅವರ ಇಷ್ಟ.

ಜಾತಿಲುವಿಹ್ ಇನ್ನೂ ಬೆಟ್ಟದ ಮೇಲಿದೆ. ಕೆಳಗೆ ಕಡಲ ಬದಿಯ ಚಾಂಗು ಎಂಬ ಹಳ್ಳಿಯನ್ನು ನೋಡಬೇಕು. ಅದು ಗದ್ದೆಯ ಊರು. ಗದ್ದೆ ಚೆನ್ನಾಗಿದೆ ಎಂದು ಜನ ಬಂದರು. ಬಂದವರಿಗೆ ಗದ್ದೆ ಕಾಣುವ ಕೋಣೆ ಬೇಕಾಯಿತು. ಕೋಣೆ ಕಟ್ಟಲು ಜಾಗ ಬೇಕು, ಜಾಗವೆಂದರೆ ಗದ್ದೆ. ಹೀಗೆ ಮೊದಲ ವಿಲ್ಲಾದ ಕಿಟಕಿಯಲ್ಲಿ ಗದ್ದೆ ಕಾಣಿಸಿತು, ಎರಡನೆಯದರ ಕಿಟಕಿಯಲ್ಲಿ ಮೊದಲನೆಯ ವಿಲ್ಲಾದ ಹಿತ್ತಲು ಕಾಣಿಸಿತು, ಮೂರನೆಯದರಲ್ಲಿ ಅವರಿಬ್ಬರ ನೀರಿನ ಟ್ಯಾಂಕು. ಬಾಡಿಗೆಯ ಜಾಹೀರಾತಿನಲ್ಲಿ ಮಾತ್ರ ಮೂರಕ್ಕೂ 'ಗದ್ದೆಯ ನೋಟ'.

ಅಲ್ಲೊಂದು ಹೆಸರಾಂತ ಅಡ್ಡದಾರಿ ಇದೆ. ಗದ್ದೆಗಳ ನಡುವೆ ಎತ್ತರಿಸಿ ಹಾಕಿದ ಕಿರುದಾರಿ. ಒಂದು ಕಾರು ಹಿಡಿಸುತ್ತದೆ. ಎರಡು ದಿಕ್ಕಿನಿಂದ ಎರಡು ಕಾರು ಬಂದರೆ ತಲೆ ತಗ್ಗಿಸಬೇಕಾದವನು ಒಬ್ಬ, ಹಿಂದೆ ಸರಿಯಬೇಕಾದವರು ಅವನ ಬೆನ್ನಿಗೆ ನಿಂತ ನಲವತ್ತು ಸ್ಕೂಟರಿನವರು. ಚಕ್ರ ಒಂದಡಿ ಆಚೀಚೆ ಆದರೆ ಕಾರು ಗದ್ದೆಯಲ್ಲಿ. ಹಾಗೆ ಮೂಗು ಕೆಸರಿಗೆ ಊರಿ ಹಿಂಬದಿ ಮೇಲೆತ್ತಿ ನಿಂತ ಕಾರುಗಳ ಚಿತ್ರಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಇಡೀ ಚಾಂಗುವಿನಲ್ಲಿ ಪ್ರವಾಸಿಗರು ಗದ್ದೆಗೆ ನಿಜವಾಗಿ ಇಳಿಯುವುದು ಆಗ ಮಾತ್ರ.

ಇನ್ನು ಆಸ್ತಿಯ ಮಾತು. ಇಂಡೋನೇಷ್ಯಾದ 1960ರ ಭೂ ಕಾಯಿದೆಯ ಪ್ರಕಾರ ಜಮೀನಿನ ಪೂರ್ಣ ಒಡೆತನ, ಅವರು 'ಹಕ್ ಮಿಲಿಕ್' ಎನ್ನುವುದು, ಆ ದೇಶದ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ಗುತ್ತಿಗೆ ಅಥವಾ ಬಳಕೆಯ ಹಕ್ಕು, ಅಷ್ಟೇ. ಕಾಯಿದೆ ಸ್ಪಷ್ಟವಾಗಿದ್ದರೆ ಸುತ್ತುದಾರಿಯೂ ಸ್ಪಷ್ಟವಾಗಿರುತ್ತದೆ. ಅದಕ್ಕೆ ಅಲ್ಲಿನ ಹೆಸರು 'ಪಿಂಜಮ್ ನಾಮ', ಅಂದರೆ ಹೆಸರಿನ ಎರವಲು. ದುಡ್ಡು ಪರದೇಶಿಯದು, ಹೆಸರು ಊರವನದು. ನಾವು ಬೇನಾಮಿ ಎಂದು ಹೆಸರೇ ಇಲ್ಲದಂತೆ ಮಾತಾಡುತ್ತೇವೆ. ಅವರು ಕನಿಷ್ಠ ಹೆಸರನ್ನು ಸಾಲ ತೆಗೆದುಕೊಂಡೆವು ಎಂದು ಒಪ್ಪಿಕೊಳ್ಳುತ್ತಾರೆ. ಸಾಲ ಕೊಟ್ಟವನಿಗೆ ಒಂದು ದಿನ ತನ್ನ ಹೆಸರು ನೆನಪಾದರೆ ಪರದೇಶಿಯ ಈಜುಕೊಳ ಊರವನ ಕೆರೆಯಾಗುತ್ತದೆ. ಹೀಗೆ ಕೆರೆಯಾಗಬಹುದೆಂದು ಹೆದರಿದವರು ಇಪ್ಪತ್ತೈದೋ ಮೂವತ್ತೋ ವರ್ಷದ ಗುತ್ತಿಗೆಗೆ ಬರುತ್ತಾರೆ. ಲೆಕ್ಕ 'ಆರೆ'ಯಲ್ಲಿ, ಒಂದು ಆರೆಗೆ ನೂರು ಚದರ ಮೀಟರ್. ನಮ್ಮ ಗುಂಟೆಗಿಂತ ಒಂದೇ ಒಂದು ಚದರ ಮೀಟರ್ ಕಡಿಮೆ. ಗುಂಟೆ ಲೆಕ್ಕದಲ್ಲಿ ಗದ್ದೆ ಕಳೆದುಕೊಳ್ಳುವ ಕಲೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮಾರದೆ ಉಳಿದವನಾದರೂ ಸುಖಿಯೇ? ಪಕ್ಕದ ಗದ್ದೆ ವಿಲ್ಲಾ ಆದ ಕೂಡಲೇ ಇವನ ಗದ್ದೆಯ ಬೆಲೆಯೂ ಕಾಗದದ ಮೇಲೆ ಏರುತ್ತದೆ, ಕಂದಾಯ ಮನ್ನಾ ಇಲ್ಲದ ಕಡೆ ಕಾಗದದ ಬೆಲೆಗೆ ನಿಜವಾದ ಕಂದಾಯ ಬರುತ್ತದೆ. ಭತ್ತ ಬೆಳೆದು ಹೋಟೆಲಿನ ತೆರಿಗೆ ಕಟ್ಟುವ ಯೋಗ.

2025ರ ಸೆಪ್ಟೆಂಬರಿನಲ್ಲಿ ದ್ವೀಪಕ್ಕೆ ನೆರೆ ಬಂದು ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡರು. ನೀರು ಇಂಗಬೇಕಾದಲ್ಲಿ ಕಾಂಕ್ರೀಟು ಇತ್ತು. ಗವರ್ನರ್ ವಯಾನ್ ಕೋಸ್ಟರ್ ಆಗ, ಗದ್ದೆಯ ಮೇಲೆ ಇನ್ನು ಹೋಟೆಲು ಕಟ್ಟಲು ಬಿಡುವುದಿಲ್ಲ ಎಂದರು. ಬಾಲಿಯಲ್ಲಿ ತೆಂಗಿನ ಮರಕ್ಕಿಂತ ಎತ್ತರ ಕಟ್ಟಬಾರದು, ಅಂದರೆ ಹದಿನೈದು ಮೀಟರ್, ಎಂಬ ಹಳೆಯ ನಿಯಮವೂ ಇದೆ. ಅಳೆದು ನೋಡಲು ತೆಂಗಿನ ಮರ ಉಳಿದಿರುವ ಕಡೆಗಳಲ್ಲಿ ಅದು ಚೆನ್ನಾಗಿಯೇ ಜಾರಿಯಲ್ಲಿದೆ.

ಇಷ್ಟೆಲ್ಲ ಆದರೂ ಬರುವವರು ಬರುತ್ತಿದ್ದಾರೆ. ಸುಮಾರು 44 ಲಕ್ಷ ಜನರಿರುವ ದ್ವೀಪಕ್ಕೆ 2024ರಲ್ಲಿ 63 ಲಕ್ಷ ವಿದೇಶಿಯರು ಬಂದರು. ಇವರನ್ನೆಲ್ಲ ಹಳ್ಳಿಯಿಂದ ಹಳ್ಳಿಗೆ ಸಾಗಿಸಬೇಕಲ್ಲ? ಅದಕ್ಕೂ ಏರ್ಪಾಡಿದೆ. 2022ರ ಸೆಪ್ಟೆಂಬರಿನಲ್ಲಿ ದ್ವೀಪದ ಪಶ್ಚಿಮ ತುದಿಯ ಗಿಲಿಮಾನುಕ್‌ನಿಂದ ದಕ್ಷಿಣದ ಮೆಂಗ್ವಿಗೆ ತೊಂಬತ್ತಾರು ಕಿಲೋಮೀಟರ್ ಟೋಲ್ ರಸ್ತೆಗೆ ಗುದ್ದಲಿ ಪೂಜೆ ಆಯಿತು. ಗುದ್ದಲಿ ಅಲ್ಲೇ ಉಳಿಯಿತು, ಗುತ್ತಿಗೆ ಮತ್ತೆ ಟೆಂಡರಿಗೆ ಹೋಯಿತು, ದಾರಿಗೆಂದು ಗುರುತಾದ ಗದ್ದೆಯ ರೈತರು ಮಾರಲೂ ಆಗದೆ ಅಡವಿಡಲೂ ಆಗದೆ ಪರಿಹಾರದ ದಾರಿ ಕಾಯುತ್ತ ಕುಳಿತರು. 2024ರ ಸೆಪ್ಟೆಂಬರಿನಲ್ಲಿ ನೆಲದಡಿಯ ರೈಲಿಗೂ ಗುದ್ದಲಿ ಪೂಜೆ ಆಯಿತು. ಸೆಪ್ಟೆಂಬರ್ ಗುದ್ದಲಿಗೆ ಒಳ್ಳೆಯ ತಿಂಗಳಿರಬೇಕು. ಉತ್ತರದ ಬುಲೆಲೆಂಗ್ ಜಿಲ್ಲೆಯ ಕುಬುತಂಬಹಾನ್ ಕಡೆಯವರಿಗಂತೂ ಒಂದು ದಶಕಕ್ಕೂ ಮಿಕ್ಕಿ ವಿಮಾನ ನಿಲ್ದಾಣ ಬರುತ್ತಲೇ ಇದೆ. ಅಲ್ಲಿನ ಜಾಗದ ದಲ್ಲಾಳಿಗಳ ಮಟ್ಟಿಗೆ ವಿಮಾನ ಆಗಲೇ ಎಷ್ಟೋ ಸಲ ಇಳಿದು ಹತ್ತಿದೆ.

ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. 2024ರ ಮಾರ್ಚಿನಿಂದ ಬೆಂಗಳೂರಿಂದ ಬಾಲಿಯ ರಾಜಧಾನಿ ಡೆನ್ಪಸಾರ್‌ಗೆ ನೇರ ವಿಮಾನವಿದೆ. 2024ರಲ್ಲಿ ಬಾಲಿಗೆ ಹೋದ ವಿದೇಶಿಯರಲ್ಲಿ ಆಸ್ಟ್ರೇಲಿಯಾದವರನ್ನು ಬಿಟ್ಟರೆ ನಾವೇ ಹೆಚ್ಚು. ನಮ್ಮ ಬಡಾವಣೆಯ ರಾಯರೊಬ್ಬರು ಕಳೆದ ತಿಂಗಳು ಹೋಗಿ ಬಂದರು. ವಿಮಾನ ನಿಲ್ದಾಣದಲ್ಲಿ ವೀಸಾಕ್ಕೆ ಐದು ಲಕ್ಷ, ದ್ವೀಪದ ತೆರಿಗೆ ಒಂದೂವರೆ ಲಕ್ಷ ಎಣಿಸಿಕೊಟ್ಟೆ ಎಂದು ಹೇಳಿ, ನಾನು ಬೆಚ್ಚಿಬೀಳುವುದನ್ನು ಕಣ್ತುಂಬ ನೋಡಿ, ಆಮೇಲೆ ನಿಧಾನವಾಗಿ 'ಇಂಡೋನೇಷ್ಯಾದ ರುಪಿಯಾ' ಎಂದರು. ನಂತರ ಮೊಬೈಲ್ ತೆರೆದು ಒಂದು ವಿಲ್ಲಾದ ಚಿತ್ರ ತೋರಿಸಿದರು. ಇಪ್ಪತ್ತೈದು ವರ್ಷದ ಗುತ್ತಿಗೆ, ಮುಂಗಡ ಕೊಟ್ಟಾಗಿದೆ. ಈಜುಕೊಳ, ಅದರಾಚೆ ಗಾಳಿಗೆ ಬಾಗಿದ ಪೈರು, ಪೈರಿನಲ್ಲಿ ಬಿದಿರು ಟೋಪಿಯ ಒಬ್ಬ ಮುದುಕ.

"ಬಹಳ ಚೆನ್ನಾಗಿದೆ ರಾಯರೇ. ಈ ಮುಂದಿನ ಗದ್ದೆ ಯಾರದು?" ಎಂದು ಕೇಳಿದೆ.

"ಅದೇ? ಅದು ಎರಡನೆಯ ಹಂತ. ಬುಕಿಂಗ್ ಶುರುವಾಗಿದೆ, ನಿಮಗೊಂದು ಹೇಳಿಡಲೇ?" ಎಂದರು ರಾಯರು.