ಸ್ಪ್ಯಾನರ್ ಕೆಳಗಿಟ್ಟು ಒಂದು ಸಲ ಕಿವಿ ಕೊಡ್ರಪ್ಪಾ

ಅಂಗಡಿ ಬಾಗಿಲು ಹಾಕಿ ಬಂದು ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಆರುವ ಮೊದಲೇ ಬರೆದುಬಿಡಬೇಕು.

ಮಧ್ಯಾಹ್ನ ಒಬ್ಬ ಹುಡುಗ ಚೀಟಿ ಹಿಡಿದು ಬಂದ. ಮೇನ್ ಬೇರಿಂಗ್ ಸೆಟ್, ಬಿಗ್ ಎಂಡ್ ಬೇರಿಂಗ್ ಸೆಟ್, ಆರೂ ಲೈನರ್-ಪಿಸ್ಟನ್ ಕಿಟ್, ಫುಲ್ ಗ್ಯಾಸ್ಕೆಟ್ ಸೆಟ್. ಅಂದರೆ ಇಡೀ ಎಂಜಿನ್ ಬಿಚ್ಚಿ ಕಟ್ಟುವ ಸಾಮಾನು. ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ ಇಂಥ ಚೀಟಿ ಬಂದರೆ ಹಬ್ಬ ಅಲ್ವಾ? ಆದರೆ ಹುಡುಗನ ಮುಖ ನೋಡಿದರೆ ಸೂತಕದ ಮನೆಯಿಂದ ಬಂದ ಹಾಗಿತ್ತು. ಗಾಡಿ ಅವನದೇ, ಡ್ರೈವರೂ ಅವನೇ. ದಾವಣಗೆರೆ ಕಡೆಯಿಂದ ಮೆಕ್ಕೆಜೋಳ ಹೊಡೆಯುವ ಹಳೇ ಆರು ಸಿಲಿಂಡರ್ ಲಾರಿ. ಹೋದ ವಾರ ತಾನೇ ನನ್ನ ಹತ್ತಿರ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗ್, ಒಯ್ದಿದ್ದ.

"ಏನಾಯ್ತೋ?" ಅಂದೆ.

"ಬಡೀತಾ ಇದೆ ಅಣ್ಣಾ. ಎಂಜಿನ್ ಇಳಿಸ್ಬೇಕಂತೆ."

"ಗ್ಯಾರೇಜ್ ಮೇಸ್ತ್ರಿ ಹೇಗೆ ನೋಡಿದ್ರು?"

"ಸ್ಟಾರ್ಟ್ ಮಾಡಿಸಿದ್ರು. ರೇಸ್ ಕೊಡಿಸಿದ್ರು. ಕ್ರ್ಯಾಂಕ್ ಹೋಗಿದೆ ಅಂದ್ರು."

ಅಷ್ಟೇ. ಅರ್ಧ ನಿಮಿಷ ರೇಸ್ ಕೊಟ್ಟು, ಪಿಸ್ಟನ್ನುಗಳು ತಿರುಗಿಸುವ ಆ ದಪ್ಪ ದಂಡ, ಕ್ರ್ಯಾಂಕಿನ ಹಣೆಬರಹ ಓದಿಬಿಟ್ಟರು. ಇನ್ನೂ ಮಜಾ ಕೇಳಿ. ಹೆಡ್ ಕೆಲಸ ಮುಗಿದ ದಿನವೇ ಸಣ್ಣಗೆ ಸದ್ದು ಇತ್ತಂತೆ. ಇವನು ಕೇಳಿದ್ದಾನೆ. ಅದಕ್ಕೆ ಅದೇ ಮೇಸ್ತ್ರಿ, "ಓಡ್ಲಿ ಬಿಡೋ, ಸೆಟ್ ಆಗುತ್ತೆ" ಅಂದಿದ್ದಾರೆ.

ನನ್ನ ತಕರಾರು ಇಲ್ಲೇ ಇರುವುದು. ಮೊದಲು "ಸೆಟ್ ಆಗುತ್ತೆ". ಆಮೇಲೆ "ಎಂಜಿನ್ ಇಳಿಸಿ". ಇವೆರಡರ ನಡುವೆ ಬೇರೆ ಮಾತೇ ಇಲ್ಲವೇನ್ರೀ? ಸೆಟ್ ಆಗುವುದು ಹೊಸ ಪಿಸ್ಟನ್ ರಿಂಗ್. ಅದು ಪಿಸ್ಟನ್ ಓಡಾಡುವ ಲೈನರಿಗೆ ಕೂರುವವರೆಗೆ ಸ್ವಲ್ಪ ಆಯಿಲ್ ತಿನ್ನಬಹುದು, ನಿಜ. ಬಡಿತ ಯಾವತ್ತಾದರೂ ಓಡಿ ಓಡಿ ಸೆಟ್ ಆಗಿದ್ದನ್ನು ಕಂಡಿದ್ದೀರಾ? ಹೆಚ್ಚೆಂದರೆ ರಾಡ್ ಬ್ಲಾಕ್ ಒಡೆದುಕೊಂಡು ಆಚೆ ಬಂದಾಗ ಆಗುತ್ತೆ, ಪರ್ಮನೆಂಟಾಗಿ.

ನಾನು ಸಾಮಾನು ಮಾರಲು ಕೂರುವ ಮೊದಲು ಗ್ರೀಸ್ ಬಟ್ಟೆಯಲ್ಲಿ ಎಷ್ಟು ವರ್ಷ ಕಳೆದೆ ಅಂತ ನಿಮಗೆ ಗೊತ್ತೇ ಇದೆ. ನಮ್ಮ ಗುರುಗಳು ಬೈಗುಳದಲ್ಲೇ ಪಾಠ ಹೇಳುತ್ತಿದ್ದವರು. ರಿಪೇರಿ ಆದಮೇಲೆ ಸದ್ದು ಬಂತು ಅಂದರೆ ಅವರು ಕೇಳುತ್ತಿದ್ದುದು ಒಂದೇ: "ಏನೇನು ಮುಟ್ಟಿದೆಯೋ ಬೋ...?" ಮುಂದಿನದು ಇಲ್ಲಿ ಬೇಡ. ಡೀಸೆಲ್ ಪಂಪ್ ಬಿಚ್ಚಿ ಕೂರಿಸಿದ್ದರೆ ಮೊದಲು ಡೀಸೆಲ್ ಬೀಳುವ ಟೈಮಿಂಗ್ ನೋಡು. ಒಂದೆರಡು ಡಿಗ್ರಿ ಅಡ್ವಾನ್ಸ್ ಆಗಿ ಬೇಗ ಬಿದ್ದರೂ ಸಾಕು, ಏರಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಹಾಗೆ ಬಡಿಯುತ್ತದೆ. ಹೆಡ್ಡಿನ ತಳ ಉಜ್ಜಿಸಿ ಫೇಸಿಂಗ್ ಮಾಡಿಸಿದ್ದರೆ ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆಯಾ, ಗ್ಯಾಸ್ಕೆಟ್ ದಪ್ಪ ಸರಿಯಿದೆಯಾ ನೋಡು. ಪಿಸ್ಟನ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಬಿಗ್ ಎಂಡ್ ಬಿಚ್ಚಿದ್ದರೆ ಕ್ಯಾಪಿನ ನಂಬರ್ ಅದರದರ ರಾಡಿಗೇ ಕೂತಿದೆಯಾ, ಟಾರ್ಕ್ ಸರಿಯಿದೆಯಾ ನೋಡು. ಮುಟ್ಟಿದ್ದನ್ನು ಬಿಟ್ಟು ಮುಟ್ಟದ ಕ್ರ್ಯಾಂಕಿನ ಮೇಲೆ ಗೂಬೆ ಕೂರಿಸಿದರೆ ಕೈಗೆ ಸ್ಪ್ಯಾನರ್ ಬೀಳುತ್ತಿತ್ತು. ಕೊಡಲಿಕ್ಕಲ್ಲ, ಎಸೆದಿದ್ದು.

ಅಂಗಡಿಯನ್ನು ಕೆಲಸದ ಹುಡುಗನಿಗೆ ಬಿಟ್ಟು ಗಾಡಿ ಹತ್ತಿರ ಹೋದೆ. ನನ್ನ ಎಡಗಿವಿ ಈಗ ಅಷ್ಟಕ್ಕಷ್ಟೆ. ಮನೆಯವಳು ಆ ಕಡೆಯಿಂದ ಕರೆದರೆ ಕೇಳಿಸುವುದಿಲ್ಲ. ಅದು ನೆಪ ಅಂತ ಅವಳ ವಾದ. ಉದ್ದದ ಸ್ಕ್ರೂಡ್ರೈವರ್ ಬ್ಲಾಕಿಗಿಟ್ಟು ಅದರ ಹಿಡಿಗೆ ಬಲಗಿವಿ ಒತ್ತಿ ನಿಂತೆ. ಭಾರದ ಸದ್ದು. ವಾಲ್ವ್ ತೆರೆಸುವ ಟ್ಯಾಪೆಟ್ಟಿನದಲ್ಲ. ಟ್ಯಾಪೆಟ್ ಸದ್ದು ಸಣ್ಣದು, ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಒಂದು ಸಲ ಬರುವಂಥದ್ದು. ಆದರೂ ಕವರ್ ತೆಗೆಸಿ, ಸಂದು ಅಳೆಯುವ ಫೀಲರ್ ಗೇಜ್ ಹಾಕಿದೆ, ಸರಿಯಾಗೇ ಇತ್ತು.

ಮತ್ತೆ ಸ್ಟಾರ್ಟ್ ಮಾಡಿಸಿ, ಐಡಲಿಂಗಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಒಂದೊಂದೇ ಸಡಿಲ ಮಾಡಿದೆ. ನಟ್ ಸಡಿಲಾದರೆ ಡೀಸೆಲ್ ಹೊರಗೆ ಚೆಲ್ಲುತ್ತದೆ, ಆ ಸಿಲಿಂಡರ್ ಸಾಯುತ್ತದೆ. ಅಲ್ಲಿನ ಬಿಗ್ ಎಂಡ್ ಹೋಗಿದ್ದರೆ ಬಡಿತ ಥಟ್ಟನೆ ಮೆತ್ತಗಾಗಬೇಕು. ಒಂದು, ಎರಡು, ಮೂರು... ಆರೂ ಮುಗಿಯಿತು. ಯಾವುದಕ್ಕೂ ಸದ್ದು ಕ್ಯಾರೇ ಅನ್ನಲಿಲ್ಲ. ಕ್ರ್ಯಾಂಕ್ ಹೊರುವ ಮೇನ್ ಬೇರಿಂಗಾ ಅಂದರೆ, ಅದು ಸವೆದಿದ್ದರೆ ಇಳಿಯಬೇಕಿದ್ದ ಆಯಿಲ್ ಪ್ರೆಷರ್ ಮುಳ್ಳು ಎಂಜಿನ್ ಚೆನ್ನಾಗಿ ಕಾದ ಮೇಲೂ ಗಟ್ಟಿಯಾಗಿ ನಿಂತಿತ್ತು.

(ಕಾಮನ್ ರೈಲ್ ಗಾಡಿಯವರು, ಬಿಎಸ್ 6 ಗಾಡಿಯವರು ದಯವಿಟ್ಟು ಈ ನಟ್ ಸಡಿಲಿಸುವ ಕೆಲಸಕ್ಕೆ ಕೈ ಹಾಕಬೇಡಿ. ಆ ಪೈಪಿನಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡ ಇರುತ್ತದೆ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸ್ಕ್ಯಾನರ್ ಹಾಕಿ ಸಿಲಿಂಡರ್ ಕಟ್ ಮಾಡಿ ನೋಡಿ.)

ಅಷ್ಟರಲ್ಲಿ ಬ್ರೇಕಿನ ಏರ್ ಟ್ಯಾಂಕ್ ತುಂಬಿ, ಅದಕ್ಕೆ ಗಾಳಿ ತುಂಬುವ ಕಂಪ್ರೆಸರಿನ ಭಾರ ಇಳಿಸುವ ಅನ್‌ಲೋಡರ್ 'ಫುಸ್' ಅಂತು. ಬಡಿತ ಅರ್ಧಕ್ಕರ್ಧ ಇಳಿಯಿತು.

ಹುಡುಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. "ಬ್ರೇಕ್ ಒತ್ತು. ಬಿಡು. ಮತ್ತೆ ಒತ್ತು" ಅಂದೆ. ಏರ್ ಪ್ರೆಷರ್ ಇಳಿಯುತ್ತಾ ಬಂತು, ಕಂಪ್ರೆಸರ್ ಮತ್ತೆ ಲೋಡಿಗೆ ಬಂತು, ಅದರ ಜೊತೆಗೇ ಬಡಿತ ಮೊದಲಿನಷ್ಟೇ ಜೋರಾಗಿ ವಾಪಸ್ ಬಂತು. ಸ್ಕ್ರೂಡ್ರೈವರನ್ನು ಕಂಪ್ರೆಸರಿಗೆ ಇಟ್ಟರೆ ಸಾಕು, ಕಿವಿಯೇ ಕಿತ್ತು ಬರಬೇಕು ಅಷ್ಟು ಸದ್ದು. ಇಷ್ಟು ದಿನದ ಮೇಲೆ ಆ ಗ್ರೀಸ್ ಬಟ್ಟೆಯ ಕಾಲದ ಖುಷಿ ಇವತ್ತು ಬಂತು ನೋಡಿ. ಸುಮ್ನೆ ಹೇಳುತ್ತಿಲ್ಲ, ಅಂಗಡಿ ಗಲ್ಲಾದಲ್ಲಿ ಎಷ್ಟು ದುಡ್ಡು ಬಿದ್ದರೂ ಈ ಖುಷಿ ಸಿಗುವುದಿಲ್ಲ.

ಕೊನೆಗೆ ಕೇಳಬೇಕಾದ ಪ್ರಶ್ನೆ ಕೇಳಿದೆ. ಹೆಡ್ ಬಿಟ್ಟು ಇನ್ನೇನು ಮುಟ್ಟಿದರು? ಕಂಪ್ರೆಸರ್ ಬುಡದಲ್ಲಿ ಆಯಿಲ್ ಜಿನುಗುತ್ತಿತ್ತು ಅಂತ ಅದನ್ನೂ ಬಿಚ್ಚಿ ಪ್ಯಾಕಿಂಗ್ ಬದಲಿಸಿದ್ದರಂತೆ. ಕಂಪ್ರೆಸರ್ ಬಿಚ್ಚಿಸಿ ನೋಡಿದರೆ, ಪ್ಯಾಕಿಂಗಿಗೆ ದೋಸೆಗೆ ಬೆಣ್ಣೆ ಸವರಿದ ಹಾಗೆ ಸಿಲಿಕಾನ್ ಪೇಸ್ಟ್ ಬಳಿದಿದ್ದಾರೆ. ಎಂಜಿನ್ನಿನಿಂದ ಕಂಪ್ರೆಸರಿಗೆ ಆಯಿಲ್ ಹೋಗುವ ತೂತಿನಲ್ಲಿ ಆ ಪೇಸ್ಟ್ ಬೆರಣಿ ಕಟ್ಟಿ ಕೂತಿದೆ. ಉಗುರಿನಲ್ಲಿ ಎಳೆದರೆ ರಬ್ಬರಿನ ಬಿರಡೆ ಹಾಗೆ ಕಿತ್ತು ಬಂತು. ಆಯಿಲ್ ಇಲ್ಲದೆ ಕಂಪ್ರೆಸರಿನ ರಾಡ್ ಬೇರಿಂಗ್ ನುಣ್ಣಗಾಗಿತ್ತು, ಕೈಯಲ್ಲಿ ಅಲ್ಲಾಡಿಸಿದರೆ ಲೊಡಲೊಡ.

ಇದಕ್ಕೆ ಇಡೀ ಎಂಜಿನ್ ಇಳಿಸಲು ಹೊರಟಿದ್ದರು! ಇಳಿಸಿ, ಬೋರ್ ಮಾಡಿಸಿ, ಹೊಸ ಬೇರಿಂಗ್ ಹಾಕಿ, ಅದೇ ಕಂಪ್ರೆಸರನ್ನು ವಾಪಸ್ ಕೂರಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಬಡಿಯುತ್ತಿತ್ತು. ಆಗ ಏನು ಹೇಳುತ್ತಿದ್ದರು ಅಂತ ಬೇಕಾದರೆ ಬರೆದುಕೊಡುತ್ತೇನೆ. "ಹೊಸ ಎಂಜಿನ್ ಅಲ್ವಾ, ಓಡ್ಲಿ, ಸೆಟ್ ಆಗುತ್ತೆ."

ಈಗ ಕೆಲವರು ಬರುತ್ತೀರಿ, ಗೊತ್ತು. ಮೇಸ್ತ್ರಿಗೂ ಕಷ್ಟ ಇದೆ ಅಣ್ಣಾ, ಓನರ್‌ಗಳು ಸಂಜೆಗೆ ಗಾಡಿ ಬೇಕು ಅಂತ ತಲೆ ಮೇಲೆ ಕೂರುತ್ತಾರೆ, ಸದ್ದು ಹುಡುಕಿದ್ದಕ್ಕೆ ಯಾರೂ ಲೇಬರ್ ಕೊಡುವುದಿಲ್ಲ, ಎಂಜಿನ್ ಇಳಿಸಿದರೆ ಮಾತ್ರ ನಾಲ್ಕು ಕಾಸು ಅಂತ. ಒಪ್ಪಿದೆ, ಹುಡುಕಿದ್ದಕ್ಕೂ ಕೂಲಿ ಕೊಡಬೇಕು. ಆದರೆ ನಾನು ಇಡೀ ಪರೀಕ್ಷೆ ಮಾಡಿದ್ದು ಒಂದು ಟೀ ಆರಿ, ಇನ್ನೊಂದು ತರಿಸುವಷ್ಟು ಹೊತ್ತಿನಲ್ಲಿ. ಎಂಜಿನ್ ಇಳಿಸಲು ಇರುವ ಟೈಮ್ ಇದಕ್ಕೆ ಇಲ್ಲವಾ? ಕಷ್ಟ ಮೇಸ್ತ್ರಿಗೆ ಮಾತ್ರವಾ? ಫೈನಾನ್ಸ್ ಕಂತು ಕಟ್ಟುವ ಈ ಹುಡುಗ ಏನು ಮಜಾ ಮಾಡುತ್ತಿದ್ದಾನಾ?

ಚೀಟಿಯ ಸಾಮಾನು ಹಾಗೇ ಕಪಾಟಿನಲ್ಲಿದೆ. ಹುಡುಗ ಕಂಪ್ರೆಸರ್ ಕಿಟ್ ಮತ್ತು ಒಂದು ಪ್ಯಾಕಿಂಗ್ ಒಯ್ದ. ಬೇರಿಂಗಿನ ಪುಡಿ ಆಯಿಲಿಗೆ ಇಳಿದಿರುತ್ತದೆ, ಆಯಿಲ್ಲೂ ಫಿಲ್ಟರೂ ಬದಲಿಸು ಅಂದಿದ್ದೇನೆ. ಪೇಸ್ಟ್ ಕೇಳಿದ, ಕೊಡಲಿಲ್ಲ.

ಸಂಜೆ ಮತ್ತೆ ಫೋನ್ ಮಾಡಿದ್ದ. ಕಂಪ್ರೆಸರ್ ಬಿಚ್ಚಿ ಕಟ್ಟಿದ್ದಕ್ಕೆ ಮೇಸ್ತ್ರಿ ಬೇರೆ ಲೇಬರ್ ಕೇಳುತ್ತಿದ್ದಾರಂತೆ. ಒಂದು ರೂಪಾಯಿ ಕೊಡಬೇಡ, ಅಂಗಡಿಗೆ ಕಳಿಸು ಅಂದಿದ್ದೇನೆ. ಆ ಬಿರಡೆಯನ್ನು ಗಲ್ಲಾದಲ್ಲೇ ಇಟ್ಟುಕೊಂಡಿದ್ದೇನೆ. ಬರಲಿ.