ಎಂಟಡಿ ಅಡುಗೆಮನೆಗೆ ಐಲ್ಯಾಂಡ್ ಮಾರೋದನ್ನ ಮೊದಲು ನಿಲ್ಲಿಸಿ

ಬೆಂಗಳೂರಲ್ಲಿ ಅಡುಗೆಮನೆ ರಿಪೇರಿ ಅಂತ ಇಂಟೀರಿಯರ್‌ನವರ ಹತ್ರ ಹೋದ್ರೆ ಮೊದಲು ತೋರಿಸೋದು ತ್ರೀಡಿ ಚಿತ್ರ. ನಟ್ಟನಡುವೆ ಗೋಡೆಗೆ ತಾಗದ ಬಿಳಿ ಕಟ್ಟೆ (ಇದಕ್ಕೇ ಐಲ್ಯಾಂಡ್ ಅಂತಾರೆ), ಮೇಲೆ ಮೂರು ದೀಪ, ಪಕ್ಕದಲ್ಲಿ ಎತ್ತರದ ಸ್ಟೂಲು. ಆ ಚಿತ್ರದಲ್ಲಿ ಫ್ರಿಡ್ಜ್ ಬಾಗಿಲು ಯಾವತ್ತೂ ಮುಚ್ಚೇ ಇರುತ್ತೆ. ತೆಗೆದು ತೋರಿಸ್ರಪ್ಪಾ ಅಂತ ಕೇಳಿ. ಅದು ಸೀದಾ ಹೋಗಿ ಐಲ್ಯಾಂಡಿಗೆ ಬಡಿಯುತ್ತೆ.

ಲೆಕ್ಕ ಕಷ್ಟದ್ದೇನಲ್ಲ. ಗೋಡೆ ಕಡೆ ಕಟ್ಟೆ 2 ಅಡಿ. ಅದರ ಮುಂದೆ ಓಡಾಡೋಕೆ ಕನಿಷ್ಠ 3 ಅಡಿ, ಇಬ್ಬರು ಒಟ್ಟಿಗೆ ಕೆಲಸ ಮಾಡೋ ಮನೆಗೆ ಮೂರೂವರೆ. ಐಲ್ಯಾಂಡ್ 2 ಅಡಿ, ಅದರಾಚೆ ಮತ್ತೆ 3. ಒಂದೇ ಗೋಡೆಗೆ ಕಟ್ಟೆ ಇದ್ರೂ 10 ಅಡಿ ಬೇಕು, ಎದುರು ಗೋಡೆಗೂ ಇದ್ರೆ 12. ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿ ಅಡುಗೆಮನೆ ಅಗಲ 8 ಅಡಿ ಸಿಕ್ಕಿದ್ರೆ ಹೆಚ್ಚು. ಆಗ ಇವರು ದಾರೀನ 2 ಅಡಿಗೆ ಇಳಿಸ್ತಾರೆ. 20 ಇಂಚಿನ ಡ್ರಾಯರ್ ಪೂರ್ತಿ ಎಳೆದ್ರೆ ನಿಲ್ಲೋಕೆ 4 ಇಂಚು ಉಳಿಯುತ್ತೆ! ಬಿಸಿ ಕುಕ್ಕರ್ ಹಿಡಿದು ತಿರುಗೋರ ಸೊಂಟಕ್ಕೆ ಗ್ರಾನೈಟ್ ಮೂಲೆ ತಾಗುತ್ತೆ. ದಿನಾ ಅಲ್ಲಿ ನಿಂತು ಅಡುಗೆ ಮಾಡೋರನ್ನ ಒಂದು ಮಾತು ಕೇಳೋ ಸೌಜನ್ಯವೂ ಇಲ್ಲ.

ಜಾಗ ಸಾಲ್ತಿಲ್ಲ ಅಂದ್ರೆ "ಡೈನಿಂಗ್ ಕಡೆ ಗೋಡೆ ಒಡೆದುಬಿಡೋಣ ಸಾರ್" ಅಂತಾರೆ. ಯಾವ ಗೋಡೆ ಅಂತ ನೋಡೋದು ಬೇಡ್ವಾ? ಕಂಬ, ತೊಲೆ ಮೇಲೆ ನಿಂತ ಹಳೇ ಕಟ್ಟಡಗಳಲ್ಲಿ ನಡುವೆ ಬ್ಲಾಕ್ ಗೋಡೆ ಇರುತ್ತೆ, ಪರಿಶೀಲಿಸಿ ತೆಗೀಬಹುದು. ಮೈವಾನ್ ಶಟರಿಂಗಲ್ಲಿ, ಅಂದ್ರೆ ಅಲ್ಯೂಮಿನಿಯಂ ಅಚ್ಚಲ್ಲಿ ಕಟ್ಟಿದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆ, ಚಾವಣಿ ಎರಡೂ ಒಟ್ಟಿಗೆ ಎರಕ ಹೊಯ್ದ ಆರ್‌ಸಿಸಿ, ಕಟ್ಟಡದ ಭಾರವೇ ಆ ಗೋಡೆಗಳ ಮೇಲಿರುತ್ತೆ. ಬಿಲ್ಡರ್ ಕೊಟ್ಟ ಸ್ಟ್ರಕ್ಚರಲ್ ನಕ್ಷೆ ನೋಡದೆ, ಸ್ಟ್ರಕ್ಚರಲ್ ಎಂಜಿನಿಯರ್ ಬರಹದಲ್ಲಿ ಒಪ್ಪಿಗೆ ಕೊಡದೆ, ಅಸೋಸಿಯೇಷನ್ ಅನುಮತಿ ಇಲ್ಲದೆ ಬ್ರೇಕರ್ ಹಿಡಿದು ಬರೋರನ್ನ ಬಾಗಿಲಲ್ಲೇ ತಡೀರಿ.

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಐಲ್ಯಾಂಡಲ್ಲಿ ಸಿಂಕ್ ಇಡ್ತೀವಿ ಅನ್ನೋರ ಮೇಲೆ. ಕೊಳೆ ನೀರಿನ ಪೈಪು ತಾನಾಗೇ ಹರೀಬೇಕಂದ್ರೆ ಸುಮಾರು 40ಕ್ಕೆ 1ರ ಇಳಿಜಾರು ಬೇಕು. ಸಿಂಕಿಂದ ಯುಟಿಲಿಟಿ (ಅಡುಗೆಮನೆ ಪಕ್ಕದ ಪಾತ್ರೆ-ಬಟ್ಟೆ ತೊಳೆಯೋ ಜಾಗ) ಪೈಪಿಗೆ 10 ಅಡಿ ದೂರ ಅಂದ್ಕೊಳ್ಳಿ, ಇಳಿಜಾರಿಗೇ 3 ಇಂಚು. ಪೈಪಿನ ದಪ್ಪ 2 ಇಂಚಿನ ಮೇಲೆ. ಒಟ್ಟು 5 ಇಂಚಿಗಿಂತ ಹೆಚ್ಚು ಆಳ ಬೇಕು. ಟೈಲ್ಸು, ಅದರಡಿ ಗಾರೆ ಸೇರಿ ನಮ್ಮ ಅಡುಗೆಮನೆ ನೆಲದಲ್ಲಿ ಸಿಗೋದು 2ರಿಂದ 3 ಇಂಚು. ಬಚ್ಚಲಿನ ಸ್ಲ್ಯಾಬ್ ತಗ್ಗಿಸಿರ್ತಾರೆ, ಅಡುಗೆಮನೇದು ತಗ್ಗಿಸಿರಲ್ಲ. ಉಳಿಯೋದು ಎರಡೇ ದಾರಿ: ಅಲ್ಲಿ ನೆಲ ಎತ್ತರಿಸಿ ಮೆಟ್ಟಿಲು ಮಾಡೋದು, ಇಲ್ಲಾ ಕೆಳಗಿನ ಮನೆಯವರ ಚಾವಣಿಗೆ ಪೈಪು ಇಳಿಸೋದು. ಕೆಳಗಿನವರು ಯಾಕೆ ಒಪ್ತಾರೆ? ಅದಕ್ಕೆ ಇವರು ಯಾರಿಗೂ ಹೇಳದೆ ಪೈಪನ್ನ ಸಪಾಟಾಗಿ ಮಲಗಿಸಿ, ಮೇಲೆ ಟೈಲ್ಸ್ ಮುಚ್ಚಿ ಹೋಗ್ತಾರೆ. ಗಂಜಿ, ಎಣ್ಣೆ ಜಿಡ್ಡು, ಕಾಫಿ ಚರಟ ಎಲ್ಲಾ ಒಳಗೇ ಕೂತು ಪೈಪು ಕಟ್ಟುತ್ತೆ. ಉದ್ದ ಪೈಪಿಗೆ ಗಾಳಿ ಕಿಂಡಿ ಇಲ್ಲದಿದ್ರೆ ಟ್ರ್ಯಾಪಲ್ಲಿ (ನಾತ ತಡೆಯೋಕೆ ಸಿಂಕಿನ ಕೆಳಗೆ ಬಗ್ಗಿಸಿದ ಪೈಪು) ನಿಲ್ಲಬೇಕಾದ ನೀರೂ ಎಳ್ಕೊಂಡು ಹೋಗಿ ಮನೆಯೆಲ್ಲಾ ಗಬ್ಬು ನಾತ. ಆಗ ಪ್ಲಂಬರ್ ಕರೆದ್ರೆ ಹೊಸ ಟೈಲ್ಸ್ ಒಡೀದೆ ಗತಿಯಿಲ್ಲ. ಕೆಲವರು ಜಾಗ ಸಾಲದೆ ಸ್ಲ್ಯಾಬನ್ನೇ ಕೊರೀತಾರೆ. ಸ್ಲ್ಯಾಬ್ ದಪ್ಪ ಇರೋದೇ 5-6 ಇಂಚು, ಒಳಗೆ ಕಂಬಿ ಇರುತ್ತೆ. ಇದನ್ನ ಅಪರಾಧ ಅಂತಲೇ ಕರೀಬೇಕು.

ಕರೆಂಟಿನ ಕಥೆಯೂ ಹೀಗೇ. 2000 ವ್ಯಾಟಿನ ಇಂಡಕ್ಷನ್, 750ರ ಮಿಕ್ಸಿ, 1500ರ ಕೆಟಲ್ ಒಟ್ಟಿಗೆ ಓಡಿದ್ರೆ 18 ಆಂಪಿಯರ್ ದಾಟುತ್ತೆ. ಹತ್ತಿರದ ಸಾಕೆಟ್ಟಿಂದ ಒಂದು ತಂತಿ ಎಳೆದು ಐಲ್ಯಾಂಡಿಗೆ ಕೊಟ್ರೆ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನಾಗೇ ಬೀಳೋ ಸ್ವಿಚ್ಚು) ಎಷ್ಟು ಹೊತ್ತು ತಡೆಯುತ್ತೆ? ಬಿದ್ದಾಗ ತಂತಿ ಬದಲಿಸದೆ ಎಂಸಿಬಿ ಮಾತ್ರ 25ರದ್ದು ಹಾಕ್ತಾರೆ, ಇನ್ಮೇಲೆ ಎಂಸಿಬಿ ಬೀಳೋ ಮೊದಲೇ ತಂತಿ ಕಾಯುತ್ತೆ. ಎಂಸಿಬಿಗಳಿರೋ ಡಬ್ಬಿ, ಅಂದ್ರೆ ಡಿಬಿಯಿಂದಲೇ ಬೇರೆ ಲೈನ್, 4 ಚದರ ಮಿಲಿಮೀಟರ್ ತಾಮ್ರದ ತಂತಿ, ಕರೆಂಟ್ ಸೋರಿದ್ರೆ ಲೈನ್ ಕಡಿಯೋ 30 ಮಿಲಿಆಂಪಿಯರ್ ಆರ್‌ಸಿಸಿಬಿ, ತಂತಿ ಹಾಯೋಕೆ 25 ಮಿಲಿಮೀಟರ್ ಕಾಂಡ್ಯುಟ್ ಪೈಪು ಬೇಕು. ಕಟ್ಟೆಯೊಳಗೆ ಕೂರಿಸೋ ದೊಡ್ಡ ಇಂಡಕ್ಷನ್ ಹಾಬ್ ಆದ್ರೆ ಅದಕ್ಕೇ ಮೀಸಲಾಗಿ 6 ಚದರ ಮಿಲಿಮೀಟರಿನ ಇನ್ನೊಂದು ಲೈನ್. ಇದೆಲ್ಲಾ ಟೈಲ್ಸ್ ಹಾಕೋ ಮೊದಲೇ ಆಗ್ಬೇಕು, ಆಮೇಲಲ್ಲ.

ಗ್ಯಾಸ್ ಒಲೆ ನಡುವೆ ಇಡೋರು ಇನ್ನೂ ಅಪಾಯಕಾರಿ. ಸಿಲಿಂಡರಿನ ರಬ್ಬರ್ ಹೋಸು ಒಂದೂವರೆ ಮೀಟರ್ ಮೀರಬಾರದು. ಯುಟಿಲಿಟಿಯಿಂದ ಐಲ್ಯಾಂಡಿಗೆ ಅದು ಮುಟ್ಟಲ್ಲ ಅಂತ ಎರಡು ಹೋಸು ಜೋಡಿಸೋದು, ಇಲ್ಲಾ ಸಿಲಿಂಡರನ್ನೇ ಐಲ್ಯಾಂಡಿನ ಪೆಟ್ಟಿಗೆಯೊಳಗೆ ಕೂರಿಸಿ ಬಾಗಿಲು ಮುಚ್ಚೋದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ತಳದಲ್ಲೇ ಮಡುಗಟ್ಟುತ್ತೆ. ಅದೇ ಪೆಟ್ಟಿಗೆಯಲ್ಲಿ ಸಾಕೆಟ್ಟೂ ಕೊಟ್ಟಿರ್ತಾರಲ್ಲ, ಇವರಿಗೆ ಜೀವಭಯ ಅನ್ನೋದೇ ಇಲ್ವಾ?

ಚಿಮಣಿ ವಿಷಯಾನೂ ಹೇಳಿಬಿಡ್ತೀನಿ. ಗೋಡೆ ಪಕ್ಕದ ಒಲೆಗೆ ಗೋಡೆಯೇ ಹೊಗೆ ತಡೆಯುತ್ತೆ, ನಡುವೆ ಇಟ್ರೆ ನಾಲ್ಕೂ ಕಡೆ ಹರಡುತ್ತೆ. ಒಲೆಗಿಂತ ಅಗಲವಾದ, ಜೋರಾಗಿ ಎಳೆಯೋ ಚಿಮಣಿ ಬೇಕು, 6 ಇಂಚಿನ ಪೈಪು ಆದಷ್ಟು ನೇರ ಹೊರಗೆ ಹೋಗ್ಬೇಕು. ತೊಲೆ ತಪ್ಪಿಸೋಕೆ ಮೂರು ಕಡೆ ಬಗ್ಗಿಸಿದ್ರೆ ಎಳೆತ ಅಲ್ಲೇ ಸಾಯುತ್ತೆ. "ಪೈಪೇ ಬೇಡ ಮೇಡಂ, ಇದ್ದಿಲು ಫಿಲ್ಟರ್ ಇದೆ" ಅನ್ನೋರು ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಅಲ್ಲಿ ಎರಡು ನಿಮಿಷ ನಿಂತು ತೋರಿಸ್ಲಿ.

ಇಷ್ಟರ ಮೇಲೆ ಮರದಲ್ಲೂ ಮೋಸ. ಕೊಟೇಶನ್ನಲ್ಲಿ ನೀರು ತಡೆಯೋ ಐಎಸ್ 710 ಪ್ಲೈವುಡ್, ಬರೋದು ಮರದ ನಾರು ಒತ್ತಿ ಮಾಡಿದ ಎಂಡಿಎಫ್. ಹಾಳೆ ಮೇಲಿನ ಮುದ್ರೆ ನೋಡದೆ ಕೊಯ್ಯೋಕೆ ಬಿಡಬೇಡಿ. ಕೂರೋಕೆ ಅಂತ ಗ್ರಾನೈಟ್ 12 ಇಂಚು ಹೊರಗೆ ಚಾಚಿಸಿದ್ರೆ ಅಡಿಯಲ್ಲಿ ಕಬ್ಬಿಣದ ಬ್ರಾಕೆಟ್ ಇರಲೇಬೇಕು. 4 ಅಡಿಗೆ 3 ಅಡಿಯ 18 ಮಿಲಿಮೀಟರ್ ಕಲ್ಲು 50 ಕೆಜಿ ಮೇಲಿರುತ್ತೆ, ಮಕ್ಕಳು ಜೋತು ಬಿದ್ದಾಗ ಪ್ಲಾಸ್ಟಿಕ್ ಕಾಲುಗಳು ತಡೆಯಲ್ಲ, ಪೆಟ್ಟಿಗೇನ ನೆಲಕ್ಕೆ ಆ್ಯಂಗಲ್ ಹಾಕಿ ಬಿಗಿಸ್ಬೇಕು.

ಒಲೆ, ಸಿಂಕ್ ಎರಡೂ ಇಲ್ಲದೆ, ತರಕಾರಿ ಹೆಚ್ಚೋಕೆ, ಚಪಾತಿ ಲಟ್ಟಿಸೋಕೆ ಒಂದು ಕಟ್ಟೆ, ಅದಕ್ಕೆ ಬೇರೆ ಲೈನಿನ ಎರಡು ಸಾಕೆಟ್. 10 ಅಡಿ ಅಗಲ ಇರೋ ಅಡುಗೆಮನೆಗೆ ಇಷ್ಟು ಸಾಕು, ಚೆನ್ನಾಗೂ ಇರುತ್ತೆ. ಅದಕ್ಕಿಂತ ಕಡಿಮೆ ಇದ್ರೆ ಚಕ್ರದ ಟ್ರಾಲಿ ತಗೊಳ್ಳಿ. ಹಟ ಹಿಡಿದು ಸಿಂಕನ್ನೂ ಹಾಕಿಸೋದಾದ್ರೆ, ಟೈಲ್ಸ್ ಮುಚ್ಚೋ ಮೊದಲು ಪೈಪಿನ ಮೇಲೆ ಇಳಿಜಾರು ತೋರಿಸೋ ರಸಮಟ್ಟ ಇಟ್ಟು ಫೋಟೋ ತೆಗೀರಿ. ಒಂದು ಬಕೆಟ್ ನೀರು ಸುರಿದು ಆಚೆ ಕಡೆ ಬರೋದನ್ನ ಕಣ್ಣಾರೆ ನೋಡೋ ತನಕ ಕೊನೇ ಕಂತು ಕೊಡಬೇಡಿ.