ಹೊರಗಿನವರಿಗೆ ಬರೆದ ವಿಲ್ ತಾನಾಗಿಯೇ ರದ್ದಾಗುತ್ತದಾ?

ಮಕ್ಕಳನ್ನು ಬಿಟ್ಟು ಆಸ್ತಿಯೆಲ್ಲ ಹೊರಗಿನವರಿಗೆ ಬರೆದ ವಿಲ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅನ್ನೋ ಮೆಸೇಜು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕೇಳುವುದಕ್ಕೆ ನ್ಯಾಯ ಅನಿಸುತ್ತದೆ, ಅಲ್ವಾ? ಕಾನೂನು ಹಾಗಿಲ್ಲ.

ಹಿಂದೂಗಳು ಸ್ವಯಾರ್ಜಿತ ಆಸ್ತಿಯನ್ನು ಪೂರ್ತಿಯಾಗಿ ಯಾರಿಗೆ ಬೇಕಾದರೂ ಬರೆಯಬಹುದು, ಕೊನೆಗಾಲದಲ್ಲಿ ಗಂಜಿ ಕೊಟ್ಟು ನೋಡಿಕೊಂಡ ಪಕ್ಕದ ಮನೆಯವರಿಗೂ ಸರಿ. ಪಿತ್ರಾರ್ಜಿತವಾದರೆ ತಮ್ಮ ಪಾಲನ್ನು ಮಾತ್ರ. ಮುಸ್ಲಿಮರಲ್ಲಿ ಲೆಕ್ಕ ಬೇರೆ: ವಾರಸುದಾರರು ಒಪ್ಪದಿದ್ದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ವಿಲ್ ಮೂಲಕ ಕೊಡುವಂತಿಲ್ಲ.

ಹಾಗಂತ ಪ್ರಶ್ನಿಸುವ ದಾರಿ ಮುಚ್ಚಿಲ್ಲ. ಬರೆದವರಿಗೆ ಆಗ ಬುದ್ಧಿ ಸ್ಥಿಮಿತದಲ್ಲಿತ್ತಾ, ಯಾರಾದರೂ ಹೆದರಿಸಿ ಅಥವಾ ಮೋಸದಿಂದ ಬರೆಸಿಕೊಂಡರಾ, ಆಸ್ತಿ ಪಡೆದವರೇ ಮುಂದೆ ನಿಂತು ಬರೆಸಿದ್ದಾ ಅನ್ನುವುದನ್ನೆಲ್ಲ ಕೋರ್ಟು ನೋಡುತ್ತದೆ, ಮತ್ತು ಅನುಮಾನಗಳಿದ್ದರೆ ಅವನ್ನು ಹೋಗಲಾಡಿಸುವ ಹೊಣೆ ವಿಲ್ ಹಿಡಿದು ಬಂದವರದ್ದೇ. ಸುಮ್ನೆ "ನಾವು ರಕ್ತಸಂಬಂಧಿಗಳು" ಅಂದರೆ ಸಾಲದು.

ಮೊದಲು ವಿಲ್‌ನ ಕೊನೆಯ ಪುಟ ತೆಗೆದು ನೋಡಿ. ಮುಸ್ಲಿಮರ ವಿಲ್ ಬಿಟ್ಟರೆ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೋಂದಣಿ ಕಡ್ಡಾಯವಲ್ಲ (ಇದರ ಬಗ್ಗೆಯೂ ಒಂದು ಮೆಸೇಜು ಓಡಾಡುತ್ತದೆ), ಆದರೆ ನೋಂದಣಿ ಆಗಿದೆ ಅಂದ ಮಾತ್ರಕ್ಕೆ ಅನುಮಾನವೆಲ್ಲ ಮಾಯವಾಗುವುದೂ ಇಲ್ಲ.

ಇಂಥ ಮೆಸೇಜು ಬಂದಾಗ ಅದರಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಹುಡುಕಿ. ಹೆಸರೇ ಇಲ್ಲದಿದ್ದರೆ ಅಲ್ಲೇ ಅನುಮಾನಪಡಿ. ಇದ್ದರೆ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಆ ಸೆಕ್ಷನ್ ತೆರೆದು ಓದಿ. ವಿಲ್ ವಿಷಯಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59, 61, 63 ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಸೆಕ್ಷನ್ ನೋಡಿ, ಹತ್ತು ನಿಮಿಷದ ಕೆಲಸ. ಆಮೇಲೆ ವಕೀಲರ ಹತ್ತಿರ ಹೋಗಿ.